ಹಿಂದೆ ನಿಂತವರ ಹೆಸರೇನು ಸ್ವಾಮೀ?

ಹಾಸನದ ಕಡೆಯಿಂದ ಒಬ್ಬ ಅಭಿಮಾನಿ ಮಿತ್ರರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್ನು... ಹೀಗೆ ಕರೆದಲ್ಲಿಗೆ ಹೋಗುವ ಆರ್ಕೆಸ್ಟ್ರಾ ಒಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಾರಂತೆ. ಪತ್ರದ ಒಂದು ಭಾಗ ಹಾಗೇ ಕೊಡುತ್ತೇನೆ, ಓದಿ:

“ಹಾಡೋನಿಗೆ ಹಾರ, ಶಾಲು, ಸೆಲ್ಫಿ. ನಮಗೆ ಚಿತ್ರಾನ್ನ. ಆರು ವರ್ಷ ಆಯ್ತು ಸಾರ್, ನಾನು ಸ್ಟೇಜ್ ಮೇಲೆ ಏನು ಮಾಡ್ತೀನಿ ಅಂತ ನಮ್ಮಪ್ಪನಿಗೇ ಗೊತ್ತಿಲ್ಲ. ಗಿಟಾರ್ ಮಾರಿಬಿಡ್ಲಾ?”

ಮಾರಬೇಡಿ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಈ ಹುಡುಗನ ಹೊಟ್ಟೆಯುರಿ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ನೀವೇ ಹೇಳಿ, ರಘು ದೀಕ್ಷಿತ್ ಯಾರಿಗೆ ಗೊತ್ತಿಲ್ಲ? ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಗಿಟಾರ್. ತಾವೇ ಹಾಡು ಕಟ್ಟಿ ತಾವೇ ಹಾಡುವ ನಮ್ಮ ಮೈಸೂರಿನ ಕಲಾವಿದ. ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ., ಜೊತೆಗೆ ಭರತನಾಟ್ಯ! ಗಂಡಸು ಕುಣಿಯೋದೇನು ಎಂದು ಯಾರೋ ಗೇಲಿ ಮಾಡಿದ್ದಕ್ಕೆ ಪಂಥ ಕಟ್ಟಿ ಗಿಟಾರ್ ಹಿಡಿದ ಕಥೆಯನ್ನು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಇದೆಲ್ಲ ನಿಮಗೆ ಬಾಯಿಪಾಠ.

ಈಗ ಅವರ ಹಿಂದೆ ನಿಂತವರಲ್ಲಿ ಇಬ್ಬರ ಹೆಸರು ಹೇಳಿ ನೋಡೋಣ!

ಬಾಯಿ ಕಟ್ಟಿತಲ್ಲವೇ? ನಾನೇ ಹೇಳುತ್ತೇನೆ. 1998ರಲ್ಲಿ ರಘು ಕಟ್ಟಿದ ಮೊದಲ ತಂಡ ‘ಅಂತರಾಗ್ನಿ’. ಅದರಲ್ಲಿ ಪಿಟೀಲು ಹಿಡಿದವರು ಎಚ್.ಎನ್. ಭಾಸ್ಕರ್. ಕರ್ನಾಟಕ ಸಂಗೀತದ ಕಚೇರಿಗಳಲ್ಲಿ ಪಕ್ಕವಾದ್ಯಕ್ಕೆ ಕೂರುವ ವಿದ್ವಾಂಸರು ಅವರು. ಆ ತಂಡ ಒಡೆದ ಮೇಲೆ 2005ರಲ್ಲಿ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಹುಟ್ಟಿತು. ಲೀಡ್ ಗಿಟಾರಿಗೆ ವಿಜಯ್ ಜೋಸೆಫ್, ಡ್ರಮ್ಸ್‌ಗೆ ವಿಲ್ಫ್ರೆಡ್ ಡಿಮೋಜ್, ಬೇಸ್‌ಗೆ ಗೌರವ್ ವಾಜ್. ಈ ಗೌರವ್ ಬರೀ ತಂತಿ ಮೀಟಿದವರಲ್ಲ, ತಂಡದ ಮ್ಯಾನೇಜರಿಕೆಯನ್ನೂ ಹೊತ್ತವರು. ಹಾಸನದ ಮಿತ್ರರೇ, ನಿಮ್ಮ ಜಾತಿಯ ವಾದ್ಯ ಹಿಡಿದವರೇ ಆ ಬಂಡಿಗೆ ಹೆಗಲು ಕೊಟ್ಟವರು!

2008ರಲ್ಲಿ ಬಂದ ಮೊದಲ ಆಲ್ಬಂ ಕೇಳಿದ್ದೀರಲ್ಲ? ಮುಂಬಯಿಯ ವಿಶಾಲ್-ಶೇಖರ್ ಜೋಡಿ ತಮ್ಮದೇ ಕಂಪನಿಯಿಂದ ಹೊರತಂದದ್ದು. ಅದರಲ್ಲಿ ಶಿಶುನಾಳ ಷರೀಫರ ತತ್ತ್ವಪದಗಳೂ ಇವೆ. ಏಕತಾರಿ, ದಮ್ಮಡಿ ಹಿಡಿದು ಮಠದ ಕಟ್ಟೆಯ ಮೇಲೆ ಹಾಡುತ್ತಿದ್ದ ಪದಗಳು. ಏಕತಾರಿ ಏನು ಮಾಡುತ್ತಿತ್ತು? ಒಂದೇ ಶ್ರುತಿಯನ್ನು ಬಿಡದೆ ಹಿಡಿದು ಹಾಡುಗಾರನ ಕಾಲಿಗೆ ನೆಲ ಕೊಡುತ್ತಿತ್ತು. ಇಂಥ ತಂಡದಲ್ಲಿ ಆ ನೆಲ ಕೊಡುವುದು ಬೇಸ್. ದಮ್ಮಡಿಯ ಪೆಟ್ಟು ಡ್ರಮ್ಸ್ ಪಾಲಿಗೆ. ಟೂರಿಂಗ್ ಟಾಕೀಸಿನ ಡೇರೆಗೆ ನಡುಗಂಬ ಇದ್ದ ಹಾಗೆ ಈ ಬೇಸು. ಸಿನಿಮಾ ನೋಡಲು ಹೋದವನು ಕಂಬ ನೋಡುತ್ತಾನೆಯೇ? ಇಲ್ಲ. ಅದು ಜರುಗಿದರೆ ಮಾತ್ರ ಎಲ್ಲರ ಕಣ್ಣು ಮೇಲಕ್ಕೆ!

ನಂಬಿಕೆ ಇಲ್ಲದಿದ್ದರೆ ಒಂದು ಪರೀಕ್ಷೆ ಮಾಡಿ. ಒಂದು ಹಾಡನ್ನು ಬಸ್ಸಿನಲ್ಲಿ ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ. ಆಮೇಲೆ ಅದೇ ಹಾಡನ್ನು ಒಳ್ಳೆಯ ಇಯರ್‌ಫೋನಿನಲ್ಲೋ, ಥಿಯೇಟರಿನಲ್ಲೋ ಕೇಳಿ. ಎದೆಯಲ್ಲಿ ಹೊಸದಾಗಿ ಏನೋ ಗುಡುಗಿತಲ್ಲ, ಅದು! ಬೇಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ನಾದವನ್ನು ಹೊರಡಿಸುವ ತ್ರಾಣ ಫೋನಿನ ಸ್ಪೀಕರಿಗಿಲ್ಲ. ನಿಮ್ಮಪ್ಪನವರು ನಿಮ್ಮ ಪ್ರೋಗ್ರಾಮನ್ನು ಫೋನಿನಲ್ಲಿ ನೋಡಿದ್ದರೆ, ಪಾಪ, ಅವರದೇನು ತಪ್ಪು?

ಇನ್ನು ಬೆಳ್ಳಿತೆರೆಗೆ ಬನ್ನಿ. 2008ರ ‘ಸೈಕೋ’, 2010ರ ‘ಜಸ್ಟ್ ಮಾತ್ ಮಾತಲ್ಲಿ’, 2020ರ ‘ಲವ್ ಮಾಕ್‌ಟೇಲ್’ ಎಲ್ಲಕ್ಕೂ ಸಂಗೀತ ರಘು ದೀಕ್ಷಿತ್. ‘ಸೈಕೋ’ದ ಮಹದೇಶ್ವರನ ಹಾಡಿಗೆ ನೀವೂ ಕುಣಿದಿದ್ದೀರಿ, ನಾನೂ ತಲೆದೂಗಿದ್ದೇನೆ. ಆದರೆ ದೊಡ್ಡ ಅಕ್ಷರದಲ್ಲಿ ‘ಸಂಗೀತ’ ಎಂದು ಬರುವುದು ಒಂದೇ ಹೆಸರು. ಯಾವ ಚಿತ್ರವಾದರೂ ಇದೇ ಪದ್ಧತಿ ಬಿಡಿ. ನುಡಿಸಿದವರ ಪಟ್ಟಿ ಬಂದರೂ ಕೊನೆಯಲ್ಲಿ ಬರುತ್ತದೆ. ಅಷ್ಟರಲ್ಲಿ ನಾವು ಸ್ಕೂಟರ್ ಸ್ಟ್ಯಾಂಡಿನಲ್ಲಿ ಇರುತ್ತೇವೆ!

ಹಿಂದಿನ ಸಾಲನ್ನು ನೋಡದವನು ಏನೆಲ್ಲ ಕಳೆದುಕೊಂಡ ಗೊತ್ತೆ? ‘ಬಂಗಾರದ ಮನುಷ್ಯ’ದ ಸಂಗೀತಗಾರ ಜಿ.ಕೆ. ವೆಂಕಟೇಶ್ ಅವರ ಬಳಿ ಒಬ್ಬ ಹುಡುಗ ಗಿಟಾರ್ ನುಡಿಸುತ್ತ, ಸಹಾಯಕನಾಗಿ ದುಡಿಯುತ್ತಿದ್ದ. 1976ರಲ್ಲಿ ತಮಿಳಿನ ‘ಅನ್ನಕ್ಕಿಳಿ’ ಬಂತು, ಹುಡುಗನ ಹೆಸರು ಇಳಯರಾಜ ಎಂದು ಲೋಕಕ್ಕೆ ತಿಳಿಯಿತು. ನಮ್ಮ ಶಂಕರ್‌ನಾಗ್ ಅವರ ‘ಗೀತಾ’ಗೆ 1981ರಲ್ಲಿ ರಾಗ ಹಾಕಿದ್ದು ಇದೇ ಕೈ! ವೆಂಕಟೇಶ್ ಅವರಿಗೆ ನೆರವಾಗಿದ್ದ ಇನ್ನೊಬ್ಬರು ಎಲ್. ವೈದ್ಯನಾಥನ್. ‘ಮಾಲ್ಗುಡಿ ಡೇಸ್’ ಸಂಗೀತ ಅವರದೇ.

ಎಲ್ಲರೂ ಇಳಯರಾಜ ಆಗುತ್ತಾರೆ ಎಂದು ನಾನು ಸುಳ್ಳು ಆಸೆ ಹುಟ್ಟಿಸುವುದಿಲ್ಲ. ‘ಪ್ರಾಜೆಕ್ಟ್’ ಎಂಬ ಹೆಸರೇ ತೆರೆದ ಬಾಗಿಲಿನದು, ಬರುವವರು ಬರಬಹುದು, ಹೋಗುವವರು ಹೋಗಬಹುದು. ಹಾಗೇ ಆಯಿತು ಕೂಡ. ಬೇಸ್‌ಗೆ ನರೇಶ್ ನಾಥನ್ ಬಂದರು, ಡ್ರಮ್ಸ್‌ಗೆ ಜೋ ಜೇಕಬ್, ಕೊಳಲಿಗೆ ಪಾರ್ಥ್ ಚಂದಿರಾಮಾನಿ. ಲಂಡನ್ನಿನ ಬಿ.ಬಿ.ಸಿ. ಟಿ.ವಿ.ಯಲ್ಲಿ 2010ರಲ್ಲಿ ಮಿಂಚಿದ್ದು, 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ಗೆದ್ದದ್ದು, ಎಲ್ಲವೂ ಮುಂದೆ ನಿಂತವರ ಹೆಸರಿನಲ್ಲೇ ನೆನಪಿದೆ. ಮುಖ ಬದಲಾದರೂ ಬೋರ್ಡು ಅದೇ. ಇದು ಒಬ್ಬರ ತಪ್ಪು ಎನ್ನಲಾರೆ, ಆದರೂ ನನಗೆ ಸರಿ ಕಾಣುವುದಿಲ್ಲ. ಹಾಡು ಮುಗಿದ ಮೇಲೆ ಮೈಕ್ ಹಿಡಿದವನು ಹಿಂದೆ ತಿರುಗಿ ನಾಲ್ಕು ಹೆಸರು ಕೂಗಲು ಅರ್ಧ ನಿಮಿಷ ಸಾಕು. ಊರೂರಿನ ಆರ್ಕೆಸ್ಟ್ರಾ ಗಾಯಕ ಮಹಾಶಯರೇ, ಕೇಳಿಸಿತೇ?

ಹಾಸನದ ಮಿತ್ರರೇ, ಗಿಟಾರ್ ಮಾರಬೇಡಿ. ಮುಂದಿನ ಪ್ರೋಗ್ರಾಮಿಗೆ ಅಪ್ಪನನ್ನು ಕರೆತಂದು ಬೇಸ್ ಸ್ಪೀಕರ್ ಪಕ್ಕದಲ್ಲೇ ಕುರ್ಚಿ ಹಾಕಿ. ಒಂದು ಹಾಡಿನ ನಡುವೆ, ಗಾಯಕನಿಗೆ ಮೊದಲೇ ಹೇಳಿ, ನಾಲ್ಕು ಆವರ್ತ ಕೈ ನಿಲ್ಲಿಸಿ. ಅಪ್ಪ ತಿರುಗಿ ನಿಮ್ಮ ಕಡೆ ನೋಡಿದರೋ ಇಲ್ಲವೋ, ನನಗೆ ಒಂದು ಕಾರ್ಡು ಹಾಕಿ.