ಬೆಟ್ಟ ಹತ್ತಿದ ಮಾರನೇ ದಿನ

ಅರಕಲಗೂಡಿನಿಂದ ಅಕ್ಕ ಬಂದಿದ್ದಳು. ಹೊಳೆನರಸೀಪುರದ ನಮ್ಮ ಮನೆಯಿಂದ ಇಬ್ಬರೂ ಚನ್ನರಾಯಪಟ್ಟಣದ ಮೇಲೆ ಶ್ರವಣಬೆಳಗೊಳಕ್ಕೆ ಹೊರಟೆವು. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಬಂಡೆ ಕಾಯುವ ಮುಂಚೆ ಮುಗಿಸೋಣವೆಂದು ಬರಿಗಾಲಲ್ಲಿ ದುಡುದುಡು ಹತ್ತಿದೆವು. ನೂರು ಮೆಟ್ಟಿಲು ಆಗಿರಲಿಲ್ಲ, ತೊಡೆಯಲ್ಲಿ ಉರಿ, ಏದುಸಿರು. "ನನಗೆ ವಯಸ್ಸಾಯ್ತು ಕಣೇ, ಇಲ್ಲೇ ಕೂತಿರ್ತೀನಿ. ನೀನು ಹೋಗ್ಬಾ" ಅಂದಳು ಅಕ್ಕ.

ವಯಸ್ಸಲ್ಲ ಸೋದರಿಯರೇ, ಅವಸರ!

ನಮ್ಮ ಸ್ನಾಯುಗಳನ್ನು ನಡೆಸುವುದು ಎ.ಟಿ.ಪಿ. ಎಂಬ ವಸ್ತು. ಕೂಡಿಟ್ಟದ್ದು ಕೆಲವು ಸೆಕೆಂಡಿಗಷ್ಟೇ ಸಾಕು, ಆಮೇಲೆ ಹೊಸದು ತಯಾರಾಗುತ್ತಲೇ ಇರಬೇಕು. ಸೌದೆ ಒಲೆಯನ್ನು ನೆನೆಯಿರಿ. ಗಾಳಿಯಾಡಿದರೆ ಸೌದೆ ಪೂರ್ತಿ ಉರಿಯುತ್ತದೆ. ಹಾಗೆಯೇ ನಿಧಾನವಾಗಿ ಹತ್ತಿದರೆ ಆಮ್ಲಜನಕ ಸಾಲುತ್ತದೆ, ಒಂದು ಗ್ಲೂಕೋಸ್ ಕಣದಿಂದ ಸುಮಾರು 30 ಎ.ಟಿ.ಪಿ. ಸಿಗುತ್ತವೆ. ಓಡಿದರೆ ಆ ದಾರಿಯೊಂದೇ ಸಾಲದು. ಸ್ನಾಯು ಸಕ್ಕರೆಯನ್ನು ಅರೆಬರೆ ಒಡೆದು ಬೇಗ ಬೇಗ ಶಕ್ತಿ ತೆಗೆಯುತ್ತದೆ. ಸಿಗುವುದು 2 ಎ.ಟಿ.ಪಿ. ಮಾತ್ರ, ಉಳಿಯುವುದು ಲ್ಯಾಕ್ಟಿಕ್ ಆಮ್ಲ. 1780ರಲ್ಲಿ ಷೀಲೆ ಎಂಬ ವಿಜ್ಞಾನಿ ಹುಳಿಹಾಲಿನಲ್ಲಿ ಕಂಡದ್ದು ಇದನ್ನೇ. ನಮ್ಮ ಮೊಸರಿನ ಹುಳಿಯೂ ಇದೇ. ಆ ಹೊತ್ತಿನಲ್ಲಿ ಸ್ನಾಯುವಿನೊಳಗೆ ಹುಳಿ ಅಂಶ ಏರುತ್ತದೆ, ಉರಿ ಅದರ ಜೊತೆಗೇ ಬರುತ್ತದೆ.

ಆದರೆ ಅದು ಕಸವಲ್ಲ, ಒಲೆಯಲ್ಲಿ ಉಳಿದ ಇದ್ದಿಲು! ಹೃದಯ ಅದನ್ನೇ ಉರಿಸಿಕೊಳ್ಳುತ್ತದೆ, ಪಿತ್ತಜನಕಾಂಗ ಮತ್ತೆ ಸಕ್ಕರೆ ಮಾಡುತ್ತದೆ. ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಎಲ್ಲ ಖಾಲಿ.

ಐದು ನಿಮಿಷ ಕೂತು, ಮಾತಾಡಲು ಉಸಿರು ಉಳಿಯುವಷ್ಟು ನಿಧಾನವಾಗಿ ಹತ್ತಿದೆವು. ಗೊಮ್ಮಟನ ಪಾದದ ಮುಂದೆ ಅಕ್ಕ ನಿಂತಾಗ ಅವಳ ಮುಖ ನೋಡಬೇಕಿತ್ತು!

ಮಾರನೇ ದಿನ ಇಬ್ಬರಿಗೂ ಕೂತರೆ ಏಳಲಾಗದು. "ಹುಳಿ ಸೇರ್ಕೊಂಡಿದೆ, ಮೊಸರು ಬೇಡ" ಎಂದು ಅಕ್ಕ ತಟ್ಟೆ ಸರಿಸಿದಳು. ಪಾಪ, ಮೊಸರಿನದೇನು ತಪ್ಪು? ಆ ಆಮ್ಲ ಹಿಂದಿನ ದಿನವೇ ಕರಗಿತ್ತು. ಈ ನೋವು ಹೆಚ್ಚಾಗಿ ಇಳಿದದ್ದರಿಂದ. ಇಳಿಯುವಾಗ ತೊಡೆಯ ಸ್ನಾಯು ಮೈಭಾರ ಹೊತ್ತುಕೊಂಡೇ ಹಿಗ್ಗಬೇಕು, ಅದರ ಎಳೆಗಳಿಗೆ ಸಣ್ಣಸಣ್ಣ ಪೆಟ್ಟಾಗುತ್ತದೆ. ಎರಡು ಮೂರು ದಿನ ಹೆಚ್ಚಿದ್ದು ತಾನೇ ಇಳಿಯುತ್ತದೆ. ಮಲಗಿಬಿಡದೆ ಮೆಲ್ಲಗೆ ಓಡಾಡಿ. ಅಭ್ಯಾಸವಾದರೆ ಮುಂದಿನ ಸಲ ನೋವು ಕಡಿಮೆ.

ಒಂದು ಎಚ್ಚರಿಕೆ. ಹತ್ತುವಾಗ ಎದೆ ಹಿಂಡಿದಂತಾದರೆ, ತೋಳಿಗೋ ದವಡೆಗೋ ನೋವು ಹಬ್ಬಿದರೆ, ತಣ್ಣನೆ ಬೆವರಿದರೆ ಅದು ಈ ಲೆಕ್ಕಕ್ಕೆ ಸೇರದು. ಅಲ್ಲೇ ಕೂತು ಜನರನ್ನು ಕೂಗಿ, ತಡಮಾಡದೆ ವೈದ್ಯರ ಬಳಿ ಹೋಗಿ. ಬರೀ ತೊಡೆಯ ಉರಿಯಾದರೆ, ವಯಸ್ಸಾಯಿತೆಂದು ಅರ್ಧ ದಾರಿಯಿಂದ ವಾಪಸ್ ಬರಬೇಡಿ.