ಮಾತಿಗೆ ಹೊತ್ತುವ ದೀಪ: ಯಾರ ಮಾತಿಗೆ?

2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕಂಪೆನಿಯ ಗಣಕಕೇಂದ್ರಗಳಲ್ಲಿ ದೊಡ್ಡದೊಂದು ತೊಡಕು ಕಾಣಿಸಿಕೊಂಡಿತು. ಬ್ಯಾಂಕುಗಳ ಜಾಲ ತಡವರಿಸಿದ್ದು, ಸಂದೇಶ ಕಳುಹಿಸುವ ಜಾಲಗಳು ನಿಂತುಹೋದದ್ದು ಇವೇ ಮುಂತಾದ ಸುದ್ದಿಗಳು ಪತ್ರಿಕೆಗಳಲ್ಲಿ ದಪ್ಪಕ್ಷರಗಳಲ್ಲಿ ಬಂದವು. ಅವುಗಳ ನಡುವೆ ಸಣ್ಣದೊಂದು ಸುದ್ದಿಯೂ ಇತ್ತು: ಹಲವು ಮನೆಗಳಲ್ಲಿ ಹೇಳಿದ ಮಾತಿಗೆ ದೀಪ ಹೊತ್ತಲಿಲ್ಲ. ವಿದ್ಯುತ್ತು ಇತ್ತು, ಬಲ್ಬು ಕೆಟ್ಟಿರಲಿಲ್ಲ, ತಂತಿ ಕಡಿದಿರಲಿಲ್ಲ. ಅಲೆಕ್ಸಾ ಎಂಬ ಯಂತ್ರಕ್ಕೆ ಹೇಳಿದ ಮಾತು ತಲುಪಬೇಕಾದಲ್ಲಿಗೆ ತಲುಪಲಿಲ್ಲ, ಅಷ್ಟೆ. 2021ರ ಡಿಸೆಂಬರ್ 7ರಂದೂ ಹೀಗೆಯೇ ಆಗಿತ್ತು.

ಎಲ್ಲಿಯೋ ದೂರದ ಸುದ್ದಿ ಇದು, ನಮಗೇಕೆ ಎಂದು ವಾಚಕರು ಕೇಳುವ ಕಾಲ ಮುಗಿಯುತ್ತ ಬಂದಿದೆ. ಗಲ್ಫಿನಿಂದ ರಜೆಯಲ್ಲಿ ಬರುವವರ ಪೆಟ್ಟಿಗೆಯಲ್ಲಿಯೂ, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಊರಿನ ತಂದೆತಾಯಿಗಳಿಗೆ ಕಳುಹಿಸುವ ಪಾರ್ಸೆಲಿನಲ್ಲಿಯೂ ಈ ಮಾತು ಕೇಳುವ ಸ್ಪೀಕರುಗಳೂ ಬಣ್ಣ ಬದಲಿಸುವ ಬಲ್ಬುಗಳೂ ನಮ್ಮ ಜಿಲ್ಲೆಗೆ ಬರತೊಡಗಿವೆ. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಈ ಬಲ್ಬು ಆ ಸ್ಪೀಕರಿಗೆ ಹೊಂದುತ್ತದೆಯೇ? ಹೊಂದುತ್ತದೆ ಎಂದು ಡಬ್ಬದ ಮೇಲೆ ಅಚ್ಚಾಗಿರುತ್ತದೆ. ಈ ಒಂದು ಮಾತನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಹಳೆಯ ಬಲ್ಬಿನಲ್ಲಿ ಹೊಂದಾಣಿಕೆಯೆಂದರೆ ಹೋಲ್ಡರಿಗೆ ಹೊಂದುವುದು. ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವುದು ಎರಡು ಮೊಳೆಯ ಬಲ್ಬು. ಒತ್ತಿ ತಿರುಗಿಸಿದರೆ ಕೂತಿತು. ಯಾವ ಕಂಪೆನಿಯ ಬಲ್ಬಾದರೂ ಸರಿ, ಯಾವ ಕಂಪೆನಿಯ ಹೋಲ್ಡರಾದರೂ ಸರಿ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ದೇಶದಾದ್ಯಂತ 36 ಕೋಟಿಗೂ ಹೆಚ್ಚು ಎಲ್.ಇ.ಡಿ. ಬಲ್ಬುಗಳು ಹಂಚಿಕೆಯಾದುವು, ಅವುಗಳಿಗಾಗಿ ಯಾರೂ ಹೋಲ್ಡರು ಬದಲಿಸಬೇಕಾಗಲಿಲ್ಲ. ಪರದೇಶದಿಂದ ತಂದ ತಿರುಪಿನ ಬಲ್ಬು ನಮ್ಮ ಹೋಲ್ಡರಿಗೆ ಕೂರದಿದ್ದರೆ ಪೇಟೆಯಲ್ಲಿ ಅಡಾಪ್ಟರು ಸಿಗುತ್ತದೆ. ತೊಂದರೆ ಅಲ್ಲಿಗೆ ತೀರಿತು.

ಹೊಸ ದೀಪದ ತೊಂದರೆ ಅಲ್ಲಿಂದ ಶುರು. ಬಾಯಿಂದ ಹೊರಟ ಮಾತು ಚಾವಡಿಯ ಬಲ್ಬನ್ನು ಹೇಗೆ ತಲುಪುತ್ತದೆಂಬುದನ್ನು ಗಮನಿಸಿ. ಸ್ಪೀಕರು ತನ್ನ ಹೆಸರನ್ನು ಮಾತ್ರ ತಾನಾಗಿ ಗುರುತಿಸುತ್ತದೆ. ಉಳಿದ ಮಾತನ್ನು ಅಂತರಜಾಲದ ಮೂಲಕ ತನ್ನ ಒಡೆಯ ಕಂಪೆನಿಯ ಗಣಕಕ್ಕೆ ಒಪ್ಪಿಸುತ್ತದೆ. ಅಲ್ಲಿ ಧ್ವನಿಯು ಅಕ್ಷರವಾಗಿ, ಅಕ್ಷರವು ಆಜ್ಞೆಯಾಗಿ ಬದಲಾಗುತ್ತದೆ. ಬಲ್ಬಿನ ಕಂಪೆನಿ ಬೇರೆಯಾಗಿದ್ದರೆ ಆ ಆಜ್ಞೆ ಸಾಮಾನ್ಯವಾಗಿ ಅವರ ಗಣಕಕ್ಕೆ ದಾಟಿ, ಅಲ್ಲಿಂದ ಮತ್ತೆ ನಮ್ಮ ಮನೆಗೆ ಹಿಂದಿರುಗಿ, ರೂಟರನ್ನೋ ಬ್ರಿಡ್ಜ್ ಎಂಬ ಇನ್ನೊಂದು ಪೆಟ್ಟಿಗೆಯನ್ನೋ ಹಾದು ಬಲ್ಬಿಗೆ ಮುಟ್ಟುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುವುದು ಶ್ಲಾಘನೀಯವೇ ಸರಿ. ಆದರೆ ಈ ದಾರಿಯಲ್ಲಿ ಎರಡು ಕಂಪೆನಿಗಳ ಬಾಗಿಲು ದಾಟಬೇಕಾಗಿದೆ, ಎರಡೂ ತೆರೆದಿರಬೇಕಾಗಿದೆ. ಮೂರು ಹೆಜ್ಜೆ ದೂರದ ದೀಪಕ್ಕೆ ಊರ ಹೊರಗಿನ ಅನುಮತಿ.

ಬಾಗಿಲು ಮುಚ್ಚಿದ ಉದಾಹರಣೆಗಳು ಬೇಕಷ್ಟಿವೆ. ಫಿಲಿಪ್ಸ್ ಕಂಪೆನಿಯ ಹ್ಯೂ ದೀಪಗಳು 2012ರಲ್ಲಿ ಮಾರುಕಟ್ಟೆಗೆ ಬಂದಾಗ ಜಿಗ್ಬೀ ಎಂಬ ಸರ್ವರಿಗೂ ಸಮಾನವಾದ ರೇಡಿಯೋ ನಿಯಮವನ್ನು ಅನುಸರಿಸಿದ್ದವು. ಹಾಗಾಗಿ ಬೇರೆ ಕಂಪೆನಿಗಳ ಅಗ್ಗದ ಜಿಗ್ಬೀ ಬಲ್ಬುಗಳನ್ನೂ ಜನರು ಹ್ಯೂ ಬ್ರಿಡ್ಜಿಗೆ ಜೋಡಿಸಿಕೊಂಡರು. 2015ರ ಡಿಸೆಂಬರಿನಲ್ಲಿ ಕಂಪೆನಿ ಬ್ರಿಡ್ಜಿನ ತಂತ್ರಾಂಶವನ್ನು ಬದಲಿಸಿ, ತಾನು ಒಪ್ಪದ ಬಲ್ಬುಗಳಿಗೆ ಬಾಗಿಲು ಮುಚ್ಚಿತು. ಬಳಕೆದಾರರು ಬೊಬ್ಬೆ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಇಲ್ಲಿ ಗಮನಿಸಬೇಕಾದದ್ದು ಕಂಪೆನಿ ಹಿಂಜರಿದುದನ್ನಲ್ಲ. ಹಣ ಕೊಟ್ಟು ಕೊಂಡು ಗೋಡೆಗೆ ಹಾಕಿದ ಮೇಲೆಯೂ ಆ ವಸ್ತುವಿನ ಗುಣವನ್ನು ದೂರದಿಂದ ಬದಲಿಸುವ ಅಧಿಕಾರ ಮಾರಿದವನ ಕೈಯಲ್ಲಿಯೇ ಉಳಿದಿತ್ತು ಎಂಬುದನ್ನು. ಅಂಗಡಿಯವನು ಮಾರಿದ ಕೊಡೆಯನ್ನು ಮಳೆಗಾಲದ ನಡುವೆ ಮಡಚಿಡಲು ಬಂದರೆ ನಾವು ಸುಮ್ಮನಿರುತ್ತೇವೆಯೇ?

ಕಂಪೆನಿಯೇ ಇಲ್ಲವಾದರೆ ಕಥೆ ಇನ್ನೂ ಸರಳ. ರಿವಾಲ್ವ್ ಎಂಬ ನಿಯಂತ್ರಣ ಪೆಟ್ಟಿಗೆಯನ್ನು ತಯಾರಿಸಿದ ಕಂಪೆನಿಯನ್ನು ಗೂಗಲ್ ಒಡೆತನದ ನೆಸ್ಟ್ 2014ರಲ್ಲಿ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಗಣಕವನ್ನು ನಿಲ್ಲಿಸಿತು. 300 ಡಾಲರಿನ ಪೆಟ್ಟಿಗೆ ಬರಿಯ ಪೆಟ್ಟಿಗೆಯಾಯಿತು. ಒಸ್ರಾಮ್ ಕಂಪೆನಿಯ ಲೈಟಿಫೈ ಗಣಕಗಳು 2021ರ ಆಗಸ್ಟ್ 31ಕ್ಕೆ ಮುಚ್ಚಿದವು. ಇನ್‌ಸ್ಟಿಯಾನ್ ಕಂಪೆನಿಯು 2022ರ ಏಪ್ರಿಲಿನಲ್ಲಿ ಹೇಳದೆ ಕೇಳದೆ ಕೈಚೆಲ್ಲಿತು. ಕೆಲವು ಬಳಕೆದಾರರೇ ಸೇರಿ ಅದನ್ನು ಕೊಂಡು ಮತ್ತೆ ನಡೆಸಿದರೆಂಬುದು ಸಮಾಧಾನದ ಸಂಗತಿ.

ಈ ಗೊಂದಲಕ್ಕೆ ಒಂದು ಪರಿಹಾರವೂ ಬಂದಿದೆ. ಪರಸ್ಪರ ಸ್ಪರ್ಧಿಗಳಾದ ಅಮೆಜಾನ್, ಆಪಲ್, ಗೂಗಲ್ ಕಂಪೆನಿಗಳು 2019ರ ಡಿಸೆಂಬರಿನಲ್ಲಿ ಜಿಗ್ಬೀ ಒಕ್ಕೂಟದೊಡನೆ ಒಂದೇ ಜಗಲಿಯಲ್ಲಿ ಕೂತು, ಎಲ್ಲರಿಗೂ ಒಪ್ಪಿಗೆಯಾಗುವ ನಿಯಮವೊಂದನ್ನು ರೂಪಿಸುವುದಾಗಿ ಸಾರಿದವು. ಮ್ಯಾಟರ್ ಎಂಬ ಹೆಸರಿನ ಆ ನಿಯಮದ ಮೊದಲ ಆವೃತ್ತಿ 2022ರ ಅಕ್ಟೋಬರ್ 4ರಂದು ಹೊರಬಂತು. ಮ್ಯಾಟರ್ ಗುರುತಿರುವ ಬಲ್ಬನ್ನು ಏಕಕಾಲಕ್ಕೆ ಎರಡು ಮೂರು ಕಂಪೆನಿಗಳ ವ್ಯವಸ್ಥೆಗೆ ಸೇರಿಸಬಹುದು. ಆಜ್ಞೆಯೂ ಮನೆಯೊಳಗಿನ ಜಾಲದಲ್ಲಿಯೇ ಸಂಚರಿಸುವುದರಿಂದ ಬಲ್ಬಿನ ಕಂಪೆನಿಯ ಗಣಕವನ್ನು ಕಾಯಬೇಕಿಲ್ಲ. ಹಳೆಯ ಹ್ಯೂ ದೀಪಗಳಿಗೂ 2023ರಲ್ಲಿ ಬ್ರಿಡ್ಜಿನ ಮೂಲಕ ಈ ಸೌಕರ್ಯ ಒದಗಿತು. ಇದು ನಿಜವಾದ ಪ್ರಗತಿ. ಆ ಎರಡು ಮೊಳೆಯ ಹೋಲ್ಡರಿಗೆ ಹತ್ತಿರವಾದದ್ದೇನಾದರೂ ಇದ್ದರೆ ಇದೇ.

ಆದರೆ ಮ್ಯಾಟರ್ ಸರಿಪಡಿಸಿದ್ದು ದಾರಿಯ ಅರ್ಧವನ್ನು ಮಾತ್ರ. ಸ್ಪೀಕರಿನಿಂದ ಬಲ್ಬಿನವರೆಗಿನ ದಾರಿ ನೇರವಾಯಿತು. ಬಾಯಿಂದ ಸ್ಪೀಕರಿನವರೆಗಿನದು ಮೊದಲಿನಂತೆಯೇ ಉಳಿದಿದೆ. ಮಾತನ್ನು ಮನೆಯಲ್ಲಿಯೇ ಬಿಡಿಸಿಕೊಳ್ಳುವ ಅವಕಾಶವೊಂದು ಅಮೆರಿಕದ ಕೆಲವು ಎಕೋ ಸ್ಪೀಕರುಗಳಲ್ಲಿ ಇತ್ತು. 2025ರ ಮಾರ್ಚ್ 28ರಿಂದ ಅಮೆಜಾನ್ ಅದನ್ನೂ ತೆಗೆದುಹಾಕಿತು.

ನಮ್ಮ ವಾಚಕರಿಗೆ ಸಂಬಂಧಿಸಿದ ಮುಖ್ಯ ಪ್ರಶ್ನೆ ಇರುವುದು ಈ ಉಳಿದರ್ಧದಲ್ಲಿ. ಬಾಯಿ ಯಾವ ಭಾಷೆಯದು? ಎಕೋ ಸ್ಪೀಕರು 2017ರಲ್ಲಿ ಭಾರತಕ್ಕೆ ಬಂದಾಗ ಅದಕ್ಕೆ ತಿಳಿಯುತ್ತಿದ್ದುದು ಇಂಗ್ಲಿಷ್. 2019ರ ಸೆಪ್ಟೆಂಬರಿನಲ್ಲಿ ಹಿಂದಿ ಸೇರಿತು. ಕನ್ನಡ ಸೇರಿಲ್ಲ, ಮಲಯಾಳವೂ ಸೇರಿಲ್ಲ. ಗೂಗಲ್ ಕಂಪೆನಿ 2019ರಲ್ಲಿ ತನ್ನ ಸಹಾಯಕವನ್ನು ಫೋನುಗಳಲ್ಲಿ ಕನ್ನಡ, ಮಲಯಾಳಗಳಿಗೂ ವಿಸ್ತರಿಸಿತು. ಮನೆಯಲ್ಲಿಡುವ ಸ್ಪೀಕರಿಗೆ ಬಂದರೆ ಭಾರತೀಯ ಭಾಷೆಯೆಂದರೆ ಹಿಂದಿ. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 4.37 ಕೋಟಿ, ಮಲಯಾಳವನ್ನು ಬರೆಸಿದವರು 3.48 ಕೋಟಿ. ಯುರೋಪಿನ ಎಷ್ಟೋ ರಾಷ್ಟ್ರಗಳಿಗಿಂತ ದೊಡ್ಡ ಸಂಖ್ಯೆಗಳು ಇವು. ಈ ಜಿಲ್ಲೆಯಲ್ಲಿ ಬಹುಸಂಖ್ಯಾತರೂ ಅಲ್ಪಸಂಖ್ಯಾತರೂ ಒಂದೇ ಬೆಂಚಿನಲ್ಲಿ ಕೂತಿರುವ ವಿಷಯ ಬಹುಶಃ ಇದೊಂದೇ ಇರಬೇಕು.

1956ರಿಂದೀಚೆಗೆ ನಾವು ಹೋರಾಡಿದ್ದೆಲ್ಲ ಕಚೇರಿಯ ಭಾಷೆಗಾಗಿ, ಶಾಲೆಯ ಭಾಷೆಗಾಗಿ, ಅರ್ಜಿ ನಮೂನೆ ಕನ್ನಡದಲ್ಲಿ ಸಿಗಬೇಕೆಂಬುದಕ್ಕಾಗಿ. ಮನೆಯ ಹೊಸ್ತಿಲೊಳಗೆ ಆ ತಕರಾರು ಇರಲಿಲ್ಲ. ಅಂಗಳದಲ್ಲಿ ತುಳು, ಚಾವಡಿಯಲ್ಲಿ ಕನ್ನಡ, ಕೆಲವು ಮನೆಗಳಲ್ಲಿ ಹವ್ಯಕ, ಕೊಂಕಣಿ, ಮರಾಠಿ. ನೆರೆಯವರು ಬಂದರೆ ಮಲಯಾಳ. ಸ್ವಿಚ್ಚಂತೂ ಯಾರ ಭಾಷೆಯನ್ನೂ ಕೇಳಿದ್ದಿಲ್ಲ. ಈಗ ಅದೇ ಸ್ವಿಚ್ಚು ಭಾಷೆ ಕೇಳತೊಡಗಿದೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವ ಎಪ್ಪತ್ತೈದರ ಅಜ್ಜಿಗೆ ಗೋಡೆ ತಡವುವ ಕಷ್ಟ ತಪ್ಪಿಸಲೆಂದೇ ಮೊಮ್ಮಗ ಈ ದೀಪ ಹಾಕಿಸುತ್ತಾನೆ. ಅದು ಕೇಳುವುದು ಮಾತ್ರ ಮೊಮ್ಮಗನ ಇಂಗ್ಲಿಷನ್ನು. ಬಳಕೆ ಹೆಚ್ಚು ಬೇಕಾದವರಿಗೇ ಹೊಂದಾಣಿಕೆ ಕಡಿಮೆ. ಕೋಣೆಗಳ ಸಿದ್ಧಪಟ್ಟಿಯಲ್ಲಿ ಲಿವಿಂಗ್ ರೂಮ್, ಬೆಡ್ ರೂಮ್ ಇವೆ. ಚಾವಡಿ, ಉಪ್ಪರಿಗೆ, ಕೊಟ್ಟಿಗೆ ಇಲ್ಲ. ಆಜ್ಞೆಯ ಅನುಕೂಲಕ್ಕಾಗಿ ಚಾವಡಿಗೆ 'ಹಾಲ್' ಎಂದು ಹೆಸರಿಟ್ಟ ಮನೆಯಲ್ಲಿ ಮಗು ಕೇಳಿ ಕಲಿಯುವುದು ಯಾವ ಪದವನ್ನೆಂದು ಬೇರೆ ಹೇಳಬೇಕಾಗಿಲ್ಲ.

ಕನ್ನಡವನ್ನು ಯಂತ್ರಕ್ಕೆ ಕಲಿಸಲಾಗದು ಎಂಬ ಕಾರಣ ಈಗ ನಿಲ್ಲುವುದಿಲ್ಲ. ಕೇಂದ್ರ ಸರಕಾರದ ಭಾಷಿಣಿ ಯೋಜನೆ 2022ರಲ್ಲಿ ಆರಂಭವಾಗಿದೆ. ಮದರಾಸಿನ ಐ.ಐ.ಟಿ.ಯ ಎ.ಐ.4ಭಾರತ್ ತಂಡವು ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳ ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶವನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ. ಅವುಗಳಲ್ಲಿ ಕನ್ನಡವಿದೆ. (ಎಂಟನೆಯ ಪರಿಚ್ಛೇದದಲ್ಲಿಲ್ಲದ ತುಳು ಇಲ್ಲಿಯೂ ಹೊರಗೆ.) ಅಂದಮೇಲೆ ಉಳಿಯುವುದು ವ್ಯಾಪಾರದ ಲೆಕ್ಕ. ಕನ್ನಡಿಗನೂ ಮಲಯಾಳಿಯೂ ಹೇಗೂ ಇಂಗ್ಲಿಷಿನಲ್ಲಿ ಕೊಳ್ಳುತ್ತಾರೆ, ಮತ್ತೇಕೆ ವೆಚ್ಚ ಎಂಬ ಲೆಕ್ಕ. ನಾವು ಅದನ್ನು ಸುಳ್ಳೆಂದು ತೋರಿಸದ ಹೊರತು ಅದು ಬದಲಾಗದು.

ಇನ್ನೊಂದು ದಾರಿಯೂ ಇದೆ. ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ 2013ರಿಂದ ಸ್ವಯಂಸೇವಕರ ಶ್ರಮದಿಂದ ಬೆಳೆಯುತ್ತಿದೆ. ಮನೆಯಲ್ಲಿಯೇ ಇಡುವ ಸಣ್ಣ ಗಣಕವೊಂದರಲ್ಲಿ ಇದು ನಡೆಯುತ್ತದೆ. ಬೇರೆ ಬೇರೆ ಕಂಪೆನಿಗಳ ದೀಪಗಳನ್ನು ಒಂದೇ ಕಡೆ ಸೇರಿಸುತ್ತದೆ. 2023ರಿಂದ ಇದಕ್ಕೆ ಮಾತು ಕೇಳುವ ಶಕ್ತಿಯೂ ಬಂದಿದೆ. 'ದೀಪ ಹಾಕು', 'ಲೈಟು ಉರಿಸು', 'ದೀಪ ನಂದಿಸು' ಮುಂತಾದ ವಾಕ್ಯಗಳನ್ನು ಆಯಾ ಭಾಷೆಯವರೇ ಬರೆದು ಸೇರಿಸುವ ಏರ್ಪಾಡು ಅದರದು. ಸಾಧಾರಣ ಗೃಹಸ್ಥನಿಗೆ ಇದನ್ನು ಕೂರಿಸುವುದು ಸುಲಭವೆಂದು ನಾವು ಹೇಳಲಾರೆವು. ಆದರೆ ನಮ್ಮ ಕಾಲೇಜುಗಳಲ್ಲಿ ಗಣಕ ಕಲಿಯುವ ಹುಡುಗರಿಗೆ ಇದಕ್ಕಿಂತ ಉಪಯುಕ್ತವಾದ ಕನ್ನಡ ಸೇವೆ ಹೊಳೆಯುವುದಿಲ್ಲ. ವಾಕ್ಯ ಬರೆಯಲು ಯಾವ ಕಂಪೆನಿಯ ಒಪ್ಪಿಗೆಯೂ ಬೇಕಾಗಿಲ್ಲ.

ಕೊಳ್ಳುವವರಿಗೆ ಒಂದೆರಡು ವ್ಯವಹಾರದ ಮಾತು. ಮಾತು ಕೇಳುವ ಬಲ್ಬಿಗೆ ಸದಾ ವಿದ್ಯುತ್ತು ಬೇಕು. ಯಾರಾದರೂ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ಚನ್ನು ಆರಿಸಿದರೆ ಅದು ಕಿವುಡಾಗುತ್ತದೆ. ಹೀಗಾಗಿ ಸ್ವಿಚ್ಚಿನ ಮೇಲೆ ಪಟ್ಟಿ ಅಂಟಿಸಿಟ್ಟ ಮನೆಗಳೂ ಇವೆ! ಉರಿಯದಿದ್ದಾಗಲೂ ಇಂಥ ಬಲ್ಬು ಸುಮಾರು ಅರ್ಧ ವಾಟ್ ಎಳೆಯುತ್ತದೆ. ಹತ್ತು ಬಲ್ಬಿಗೆ ವರ್ಷಕ್ಕೆ ಹೆಚ್ಚು ಕಡಿಮೆ 44 ಯೂನಿಟ್ ಆಯಿತು. ಮಳೆಗಾಲದಲ್ಲಿ ನಡುರಾತ್ರಿ ಹೋದ ಕರೆಂಟು ಮರಳಿದಾಗ ಹಲವು ಬಲ್ಬುಗಳು ಪೂರ್ಣ ಪ್ರಕಾಶದಿಂದ ಹೊತ್ತಿಕೊಳ್ಳುತ್ತವೆ. ಇದನ್ನು ತಪ್ಪಿಸುವ ಏರ್ಪಾಡು ಇದೆಯೇ ಎಂದು ಮೊದಲೇ ಕೇಳುವುದು ಲೇಸು. ಬಲ್ಬಿನ ಬದಲು ಸ್ವಿಚ್ಚನ್ನೇ ಈ ಬಗೆಯದ್ದಾಗಿ ಹಾಕಿಸಿದರೆ ಬೆರಳಿಗೂ ಮಾತಿಗೂ ಎರಡಕ್ಕೂ ಕೆಲಸ ನಡೆಯುತ್ತದೆ. ಅಜ್ಜಿಯ ಕೋಣೆಗೆ ಇದೇ ಸರಿಯೆಂದು ನಮ್ಮ ಅಭಿಪ್ರಾಯ. ಮಾತಿನ ಗೊಡವೆಯೇ ಬೇಡವೆನ್ನುವವರಿಗೆ, ಮನುಷ್ಯರ ಚಲನೆ ಕಂಡೊಡನೆ ಹೊತ್ತುವ ಸೆನ್ಸರ್ ಬಲ್ಬು ಪೇಟೆಯಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಅಂತರಜಾಲಕ್ಕೆ ಜೋಡಿಸುವ ಗೃಹಬಳಕೆಯ ವಸ್ತುಗಳಿಗೆ ಕನಿಷ್ಠ ಎಷ್ಟು ಕಾಲ ಭದ್ರತಾ ಪರಿಷ್ಕರಣೆ ಒದಗಿಸುವೆವೆಂದು ತಯಾರಕರು ಮುಂಚಿತವಾಗಿ ಪ್ರಕಟಿಸಬೇಕು. ನಮ್ಮಲ್ಲಿ ಬಲ್ಬಿನ ಡಬ್ಬದ ಮೇಲೆ ವಾಟ್ ಎಷ್ಟು, ವಿದ್ಯುತ್ ಉಳಿತಾಯದ ನಕ್ಷತ್ರಗಳೆಷ್ಟು ಎಂಬುದನ್ನು ಅಚ್ಚು ಹಾಕಿಸಲು ಸರಕಾರಕ್ಕೆ ಸಾಧ್ಯವಾಗಿದೆ. ಕಂಪೆನಿಯ ಗಣಕ ಯಾವ ವರ್ಷದವರೆಗೆ ನಡೆಯುತ್ತದೆ, ಅದು ನಿಂತರೆ ದೀಪಕ್ಕೆ ಏನಾಗುತ್ತದೆ, ಮಾತು ಕೇಳುವ ಸ್ಪೀಕರಿಗೆ ಯಾವ ಯಾವ ಭಾಷೆ ತಿಳಿಯುತ್ತದೆ ಎಂಬ ಇನ್ನೂ ಮೂರು ಸಾಲುಗಳನ್ನು ಅದೇ ಡಬ್ಬದ ಮೇಲೆ ಸೇರಿಸಬೇಕೆಂದು ನಮ್ಮ ಸಂಸದರೂ ಶಾಸಕರೂ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯನ್ನು ಒತ್ತಾಯಿಸಬಹುದಾಗಿದೆ.