ನೇಗಿಲಿಗೆ ಕೊಟ್ಟ ರಿಯಾಯಿತಿ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ರೋಮನ್ ಕಾಲದ ಜನವಸತಿಯೊಂದು 'ರಕ್ಷಿತ ಸ್ಮಾರಕ'ಗಳ ಪಟ್ಟಿಗೆ ಸೇರಿತೆಂದರೆ ಅದು ಕ್ಷೇಮವಾಗಿದೆ ಎಂದು ನೀವು ನಂಬಬಹುದು. ದಯವಿಟ್ಟು ನಂಬಬೇಡಿ. 1979ರ ಕಾಯ್ದೆಯಂತೆ ಅಲ್ಲಿ ಅನುಮತಿಯಿಲ್ಲದೆ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವುದು ಅಪರಾಧ. ಆದರೆ ಅದೇ ಜಾಗದಲ್ಲಿ ಟ್ರ್ಯಾಕ್ಟರ್ ಓಡಿಸಿ ಉಳಬಹುದು! ಇತ್ತೀಚಿನ ವರ್ಷಗಳಲ್ಲಿ ಉಳುತ್ತ ಬಂದ ನೆಲವಾದರೆ ಹಿಂದಿನಷ್ಟೇ ಆಳಕ್ಕೆ ಉಳುತ್ತಿರಿ ಎಂದು 1994ರ ಆದೇಶವೊಂದು ಸಾರಾಸಗಟು ಒಪ್ಪಿಗೆ ಕೊಟ್ಟಿದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

"ಅದೇ ಆಳ ತಾನೆ, ಹೊಸ ಹಾನಿ ಎಲ್ಲಿಂದ ಬಂತು?" ಎನ್ನುವವರಿದ್ದಾರೆ. ಉತ್ತ ಇಳಿಜಾರಿನ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ನೆಲ ತಗ್ಗಿದಂತೆಲ್ಲ ಅದೇ ಆಳದ ನೇಗಿಲು ಈವರೆಗೆ ಮುಟ್ಟದ ಪದರವನ್ನು ಕೆರೆಯುತ್ತದೆ. ಲೆಕ್ಕಪತ್ರ ನೋಡಿ ಬದುಕುವವನು ನಾನು. ನನ್ನ ವೃತ್ತಿಯಲ್ಲಿ ಇದನ್ನು ಅಸಲು ತಿಂದು ಲಾಭವೆಂದು ಬರೆದುಕೊಳ್ಳುವುದು ಎನ್ನುತ್ತೇವೆ.

ಅದು ಯಾರ ಅಸಲು? ಚೆಡ್‌ವರ್ತ್‌ನಲ್ಲಿ ಸಿರಿವಂತರು ಕಟ್ಟಿಸಿದ ಬಂಗಲೆಯ ಮೊಸಾಯಿಕ್ ನೆಲಕ್ಕೆ ಇಂದು ಸೂರಿದೆ, ನೋಡಲು ಟಿಕೆಟ್ ಇದೆ. ಆದರೆ ರೋಮನ್ ಬ್ರಿಟನ್ನಿನ ಬಹುಪಾಲು ಜನ ಸಣ್ಣಪುಟ್ಟ ಒಕ್ಕಲುಗಳಲ್ಲಿ ಬಾಳಿದ ರೈತರು. ಮರ, ಮಣ್ಣು, ಹುಲ್ಲಿನ ಅವರ ಮನೆಗಳಲ್ಲಿ ಉಳಿದಿರುವುದು ಕಂಬದ ಗುಳಿ ಮತ್ತು ಹೂತುಹೋದ ಕಾಲುವೆಗಳು ಮಾತ್ರ. 2018ರಂಥ ಒಣ ಬೇಸಿಗೆಯಲ್ಲಿ ವಿಮಾನದಿಂದ ನೋಡಿದರೆ ಪೈರಿನ ಬಣ್ಣದಲ್ಲಿ ಅವುಗಳ ನಕ್ಷೆ ಮೂಡುತ್ತದೆ. ನೇಗಿಲು ಮೊದಲು ಅಳಿಸುವುದು ಇವನ್ನೇ.

ಪದರದ ಬೆಲೆ ಏನೆಂಬುದು ಕನ್ನಡಿಗರಿಗೆ ಹೊಸತಲ್ಲ. 1930ರ ದಶಕದಲ್ಲಿ ಇಲ್ಲಿನ ವೆರುಲೇಮಿಯಂ ನಗರವನ್ನು ಅಗೆದ ಮಾರ್ಟಿಮರ್ ವೀಲರ್ 1947ರಲ್ಲಿ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯನ್ನೂ ಅಗೆದರು. ಅಲ್ಲಿ ದೊರೆತ ರೋಮನ್ ನಾಣ್ಯದ ಬೆಲೆ ಅದರ ಬೆಳ್ಳಿಯಲ್ಲಿಲ್ಲ. ಯಾವ ಪದರದಲ್ಲಿ, ಯಾವ ಮಡಕೆಚೂರುಗಳ ಜೊತೆ ಸಿಕ್ಕಿತು ಎಂಬುದರಲ್ಲಿದೆ. ಪದರ ಕಲಸಿಹೋದರೆ ನಾಣ್ಯ ಬರೀ ಲೋಹ.

ರೈತನ ಹೊಟ್ಟೆಯ ಮೇಲೆ ಹೊಡೆಯಿರಿ ಎಂದು ನಾನು ಹೇಳುತ್ತಿಲ್ಲ. ಇಂಥ ಜಾಗವನ್ನು ಉಳುಮೆಯಿಂದ ಬಿಟ್ಟು ಹುಲ್ಲುಗಾವಲಾಗಿಸುವ ರೈತನಿಗೆ ಸರ್ಕಾರ ಹಣ ಕೊಡುವ ಯೋಜನೆ ಇಂಗ್ಲೆಂಡಿನಲ್ಲಿ ಆಗಲೇ ಬಂದಿದೆ. ಆದರೆ ಅದಕ್ಕೆ ಸೇರುವುದು, ಬಿಡುವುದು ರೈತನ ಇಷ್ಟ. ಪಟ್ಟಿಯಲ್ಲಿರುವ ಹೊಲಗಳಿಗೆ ಇದನ್ನು ಕಡ್ಡಾಯ ಮಾಡಿ, ನಷ್ಟವನ್ನು ಪೂರ್ತಿ ತುಂಬಿಕೊಡಿ, 1994ರ ರಿಯಾಯಿತಿಯನ್ನು ಕಿತ್ತುಹಾಕಿ. ಖರ್ಚು ಯಾರದ್ದೆಂದರೆ ನಮ್ಮದು, ಇಲ್ಲಿ ತೆರಿಗೆ ಕಟ್ಟುವವರದ್ದು. ಆ ಬಾಬ್ತಿಗೆ ನನ್ನ ಪಾಲನ್ನು ತಕರಾರಿಲ್ಲದೆ ಕೊಡುತ್ತೇನೆ. ಉತ್ತು ಕಳೆದ ಪದರವನ್ನು ಮಾತ್ರ ಯಾವ ಬಜೆಟ್ಟಿನಿಂದಲೂ ಮರಳಿ ಕೊಳ್ಳಲಾಗದು.